ಮಕ್ಕಳು ಮಾಡಿ ಕಲಿಯೋದು: ರೋಬೋಟಿಕ್ಸ್ ಲ್ಯಾಬ್ ಇದ್ದರೆ ಸಾಕಾ?

ಮಂಡ್ಯದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಕ್ಲಾಸು. ಈ ವರ್ಷ ಅವಳ ಸ್ಕೂಲಲ್ಲಿ ರೋಬೋಟಿಕ್ಸ್ ಶುರು ಮಾಡಿದ್ದಾರೆ, ಅದರ ಫೀಸು ಬೇರೆ. ಮೊನ್ನೆ ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಕಾರೊಂದನ್ನು ಮನೆಗೆ ತಂದಳು. ಕಿಟ್ ಜೊತೆ ಬಂದ ಹಾಳೆಯ ಮೇಲೆ ಚೆನ್ನಾಗಿಯೇ ಓಡುತ್ತದೆ. "ಗೆರೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. "ಯಾವ ವೈರು ಎಲ್ಲಿಗೆ ಅಂತ ಮಿಸ್ ಬೋರ್ಡಲ್ಲಿ ಹಾಕಿದ್ರು, ನಾವು ಹಾಗೇ ಚುಚ್ಚಿದ್ವಿ" ಅಂದಳು. ಕ್ಲಾಸಿನ ಎಲ್ಲರ ಕಾರೂ ಒಂದೇ ಥರ, ಬಣ್ಣ ಕೂಡ.

ಇದೇ ಹುಡುಗಿ ರಜೆಯಲ್ಲಿ ಕೆಟ್ಟುಹೋದ ಟಾರ್ಚ್ ಬಿಚ್ಚಿಕೊಂಡು ಕೂತರೆ ಊಟಕ್ಕೂ ಏಳೋದಿಲ್ಲ. ಸ್ಕೂಲಿನವರು "ಮಾಡಿ ಕಲಿಯುವ ವಿಧಾನ, ಪ್ಯಾಪರ್ಟ್ ಸಿದ್ಧಾಂತ" ಅಂತೆಲ್ಲ ಕರಪತ್ರದಲ್ಲಿ ಬರೆದಿದ್ದಾರೆ. ಇದರಲ್ಲಿ ನಿಜವಾಗಿ ಹುರುಳಿದೆಯಾ, ಅಥವಾ ಫೀಸಿಗೊಂದು ನೆಪವಾ? ಮುಂದಿನ ಟರ್ಮಿಗೆ ದುಡ್ಡು ಕಟ್ಟಬೇಕಾ ಬೇಡವಾ, ತಿಳಿದವರು ಹೇಳಿ.

ಕೋಡ್ ಗುಂಡ

ಮೇಡಂ, ಕರಪತ್ರದ ಕಥೆ ಬೇರೆ, ಪ್ಯಾಪರ್ಟ್ ಕಥೆ ಬೇರೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸೀಮೋರ್ ಪ್ಯಾಪರ್ಟ್ 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿದ ಗಣಿತಜ್ಞ. ಚಿಕ್ಕವರಿದ್ದಾಗ ಕಾರಿನ ಗೇರು, ಡಿಫರೆನ್ಷಿಯಲ್ ಅಂದರೆ ಪ್ರಾಣ. ಶಾಲೆಯಲ್ಲಿ ಮಗ್ಗಿ ಬಂದಾಗಲೂ, ಎಕ್ಸ್ ವೈ ಇರುವ ಸಮೀಕರಣ ಬಂದಾಗಲೂ ತಲೆಯೊಳಗೆ ಗೇರು ತಿರುಗಿಸಿಯೇ ಅರ್ಥ ಮಾಡಿಕೊಂಡರಂತೆ. ಮುಂದೆ ಜಿನೀವಾದಲ್ಲಿ, ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ಕೆಲವು ವರ್ಷ ಕೆಲಸ ಮಾಡಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಹೋದರು. ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಹೊರಗಿನಿಂದ ಯಾರೂ ಸುರಿಯೋಕಾಗಲ್ಲ ಅನ್ನೋದು ಪಿಯಾಜೆ ಮಾತು. ಪ್ಯಾಪರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೈಯಲ್ಲೂ ಏನಾದರೂ ಕಟ್ಟುತ್ತಿದ್ದರೆ, ಅದೂ ನಾಲ್ಕು ಜನಕ್ಕೆ ತೋರಿಸುವಂಥದ್ದಾಗಿದ್ದರೆ, ಆ ಕಲಿಕೆ ಜಾಸ್ತಿ ಗಟ್ಟಿ ಅಂದರು. ಮರಳಿನ ಗುಡಿಯಾದರೂ ಸರಿ, ಪ್ರೋಗ್ರಾಂ ಆದರೂ ಸರಿ.

1967ರಲ್ಲಿ ಅವರು, ವಾಲಿ ಫ್ಯೂರ್‌ಜೈಗ್, ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗಾಗಿ ಲೋಗೋ ಅನ್ನುವ ಪ್ರೋಗ್ರಾಂ ಭಾಷೆ ಮಾಡಿದರು. ನಾವು ಹೇಳಿದ ಹಾಗೆ ಓಡಾಡಿ ಗೆರೆ ಎಳೆಯುವ ಅದರ "ಆಮೆ" ಆಮೇಲೆ ಬಂದಿದ್ದು. ಮೊದಲು ನೆಲದ ಮೇಲೆ ಓಡಾಡುವ ಯಂತ್ರ, ನಂತರ ಪರದೆ ಮೇಲಿನ ಚುಕ್ಕೆ. ಈಗಿನ ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯೊಳಗೂ ಆ ಆಮೆ ಇದೆ, ಪುಕ್ಕಟೆ. ನಾನು ಭಾನುವಾರ ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಅದನ್ನೇ ತೋರಿಸೋದು.

ಚೌಕ ಸುಲಭ: ಮುಂದೆ 100, ಬಲಕ್ಕೆ 90, ಹೀಗೆ ನಾಲ್ಕು ಸಲ. ಆಮೇಲೆ "ಮೂರೂ ಬದಿ ಸಮ ಇರೋ ತ್ರಿಭುಜ ಬರೀರಿ" ಅನ್ನುತ್ತೇನೆ. ಲೆಕ್ಕದಲ್ಲಿ ಚುರುಕಾದವರು ತಕ್ಷಣ 60 ಒತ್ತುತ್ತಾರೆ. ಪುಸ್ತಕದಲ್ಲಿ ಇರೋದು ಅದೇ ಅಲ್ವಾ? ಮುಂದೆ 100, ಬಲಕ್ಕೆ 60, ಮೂರು ಸಲ. ಪರದೆ ಮೇಲೆ ಬರೋದು ಬಾಯಿ ತೆರೆದುಕೊಂಡ ಅರ್ಧ ಷಡ್ಭುಜ. "ಸರ್, ಕಂಪ್ಯೂಟರ್ ಕೆಟ್ಟಿದೆ" ಅನ್ನೋದು ಮೊದಲ ಉತ್ತರ! ಹೋದ ತಿಂಗಳು ಒಬ್ಬ ಹುಡುಗ ಎದ್ದು ನೆಲದ ಟೈಲ್ಸ್ ಮೇಲೆ ತಾನೇ ಆಮೆಯಾಗಿ ನಡೆದ. ಮೂಲೆಗೆ ಬಂದು ಮೈ ತಿರುಗಿಸುವಾಗ ನಿಂತುಬಿಟ್ಟ. "ಒಳಗಿನ ಕೋನ ಅಲ್ಲ, ನಾನು ಹೊರಗಡೆ ತಿರುಗಬೇಕು" ಅಂದ. ವಾಪಸ್ ಬಂದು 120 ಹಾಕಿದ, ತ್ರಿಭುಜ ಮುಚ್ಚಿಕೊಂಡಿತು. ಪಂಚಭುಜಕ್ಕೆ 72 ಅಂತ ಅವನೇ ಹೇಳಿದ. ಯಾವ ಆಕಾರವಾದರೂ ಒಂದು ಸುತ್ತು ಬಂದು ಮೊದಲಿನ ದಿಕ್ಕಿಗೇ ನಿಂತರೆ ಒಟ್ಟು ತಿರುಗಿದ್ದು 360. ಎಂಟನೇ ಕ್ಲಾಸಿನ ಬಾಹ್ಯಕೋನದ ಪ್ರಮೇಯ ಅದು.

ನಿಮ್ಮ ಮಗಳ ಕಾರಿನಲ್ಲಿ ಆ "ಕಂಪ್ಯೂಟರ್ ಕೆಟ್ಟಿದೆ" ಅನ್ನುವ ಗಳಿಗೆಗೆ ಜಾಗವೇ ಇರಲಿಲ್ಲ. ವೈರು ಚುಚ್ಚಿದರು, ಓಡಿತು, ಮುಗೀತು.

ಲೆಕ್ಕದ ಮೇಷ್ಟ್ರು

ಕಥೆ ಚೆನ್ನಾಗಿದೆ ಗುಂಡಪ್ಪನವರೇ. ಆದರೆ ಒಬ್ಬ ಹುಡುಗ ಎದ್ದು ನಡೆದ, ಸರಿ, ಉಳಿದವರು? ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಇಂಥ ಉತ್ಸಾಹದ ಅಲೆಗಳನ್ನು ಬಹಳ ನೋಡಿದ್ದೇನೆ.

ಲೋಗೋ ಅಮೆರಿಕದಲ್ಲಿ ಜೋರಾಗಿದ್ದ ಕಾಲದಲ್ಲೇ, 1984ರಲ್ಲಿ, ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ಸಂಶೋಧಕರಾದ ಪೀ ಮತ್ತು ಕರ್ಲೆಂಡ್ ಪರೀಕ್ಷಿಸಿ ನೋಡಿದರು. ಲೋಗೋ ಕಲಿತ ಮಕ್ಕಳಿಗೂ ಕಲಿಯದವರಿಗೂ ತರಗತಿಯ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಯೋಜನೆ ಹಾಕಲು ಕೊಟ್ಟರು. ವ್ಯತ್ಯಾಸ ಕಾಣಲಿಲ್ಲ. ಪ್ರೋಗ್ರಾಂ ಬರೆದರೆ ತಾನಾಗೇ ಯೋಚನೆ ಹರಿತವಾಗುತ್ತದೆ ಅನ್ನುವ ಮಾತು ಅಲ್ಲಿಗೇ ಮುಗ್ಗರಿಸಿತು.

ಆಮೇಲೆ ಇದೇ ವಿಚಾರಧಾರೆಯಿಂದ ಬಂದಿದ್ದು "ಮಗುವಿಗೊಂದು ಲ್ಯಾಪ್‌ಟಾಪ್" ಯೋಜನೆ. ಪೆರು ದೇಶ ಲಕ್ಷಗಟ್ಟಲೆ ತರಿಸಿ ಹಳ್ಳಿ ಶಾಲೆಗಳಿಗೆ ಹಂಚಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲೂ ಭಾಷೆಯಲ್ಲೂ ಪ್ರಗತಿ ಇಲ್ಲ. ನಮ್ಮ ದೇಶ 2006ರಲ್ಲೇ ಅದು ಬೇಡ ಅಂದಿತ್ತು, ಒಳ್ಳೇದಾಯಿತು.

ಇನ್ನೊಂದು. ಹೊಸ ವಿಷಯ ಕಲಿಯುವ ಮಗುವನ್ನು "ನೀನೇ ಕಂಡುಹಿಡಿ" ಅಂತ ಬಿಟ್ಟರೆ ತಲೆ ಭಾರವಾಗಿ ಏನೂ ಉಳಿಯೋದಿಲ್ಲ ಅಂತ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನುವ ಸಂಶೋಧಕರು 2006ರಲ್ಲಿ ವಾದ ಮಾಡಿದ್ದಾರೆ. ಬೋರ್ಡ್ ಮೇಲೆ ಒಂದು ಲೆಕ್ಕ ಬಿಡಿಸಿ ತೋರಿಸುವುದು ಪಾಪದ ಕೆಲಸವಲ್ಲ. ನನಗೆ 40 ನಿಮಿಷದ ಪೀರಿಯಡ್ಡು, ಎದುರಿಗೆ 60 ಜನ, ಮಾರ್ಚಿಗೆ ಎಸ್‌ಎಸ್‌ಎಲ್‌ಸಿ. ಎಲ್ಲರನ್ನೂ ಟೈಲ್ಸ್ ಮೇಲೆ ನಡೆಸಿಕೊಂಡು ಕೂರಲಾ?

ಕೋಡ್ ಗುಂಡ

ಮೇಷ್ಟ್ರೇ, ಪೆರು ವಿಷಯ ಒಪ್ಪಿದೆ. ಪೆಟ್ಟಿಗೆ ಹಂಚಿ ಮೇಷ್ಟರನ್ನು ಮರೆತರೆ ಆಗೋದು ಅದೇ. ಬ್ಯಾಂಕ್ ಸ್ಟ್ರೀಟ್ ಬಗ್ಗೆ ಮಾತ್ರ ಪ್ಯಾಪರ್ಟ್ ಉತ್ತರ ಕೊಟ್ಟಿದ್ದರು. "ಲೋಗೋ ಮಕ್ಕಳಿಗೆ ಏನು ಮಾಡುತ್ತದೆ" ಅಂತ ಕೇಳೋದೇ ತಪ್ಪು, ಅದನ್ನು ಹಿಡಿದುಕೊಂಡು ಮಕ್ಕಳು, ಮೇಷ್ಟ್ರು ಏನು ಮಾಡುತ್ತಾರೆ ಅಂತ ನೋಡಬೇಕು ಅನ್ನೋದು ಅವರ ವಾದ. ಜಾಣತನದ ಉತ್ತರ, ನಿಜ. ಪೂರ್ತಿ ಸಮಾಧಾನ ನನಗೂ ಆಗಲಿಲ್ಲ.

(ಹೆಸರು ಗುಂಡಪ್ಪ ಅಲ್ಲ, ಬರೀ ಗುಂಡ.)

ಫಿಟ್ಟರ್ ಅಣ್ಣ

ಎಲ್ಲರೂ ಅಮೆರಿಕ, ಪೆರು ಸುತ್ತಿ ಬಂದಿರಿ. ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಹೇಳಿಕೊಡುತ್ತೇನೆ. ನಮ್ಮಲ್ಲಿ ಮೊದಲ ಕೆಲಸ ಏನು ಗೊತ್ತಾ? ಒಂದು ಕಬ್ಬಿಣದ ತುಂಡು, ಅದನ್ನು ಉಜ್ಜೋಕೆ ಒಂದು ಅರ (ಫೈಲ್). ಉಜ್ಜಿ ಉಜ್ಜಿ ಮೈ ಸಮ ಮಾಡಬೇಕು, ಮೂಲೆ ಸರಿಯಾಗಿ 90 ಡಿಗ್ರಿ ಬರಬೇಕು. ಹುಡುಗರು ಬೈದುಕೊಂಡೇ ಉಜ್ಜುತ್ತಾರೆ, ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಆದರೆ ಸರಿಯಾಯ್ತಾ ಅಂತ ನನ್ನನ್ನು ಕೇಳಬೇಕಾಗಿಲ್ಲ. ಟ್ರೈ ಸ್ಕ್ವೇರ್ (ಮೂಲೆ ನೇರ ಇದೆಯಾ ಅಂತ ನೋಡುವ ಸಾಧನ) ಇಟ್ಟು ಕಿಟಕಿ ಕಡೆ ಹಿಡಿದು ನೋಡಿದರೆ ಆಯಿತು. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ಕೆಲಸ ಇದೆ. ಎಲ್ಲಿ ಕಾಣುತ್ತದೆ ಅನ್ನುವುದರಲ್ಲೇ ಎಲ್ಲಿ ಉಜ್ಜಬಾರದು ಅನ್ನೋದೂ ತಿಳಿಯುತ್ತದೆ. ನಡುವೆ ಉಬ್ಬಿ ಎರಡು ಅಂಚೂ ಇಳಿದಿದ್ದರೆ ಅರ ತೊಟ್ಟಿಲು ತೂಗಿದ ಹಾಗೆ ಆಡಿದೆ ಅಂತ ಲೆಕ್ಕ.

ಮಾಡಿ ಕಲಿಯೋದು ಅಂದರೆ ನಮಗೆ ಇದೇ. ಬೇಜಾರು ಏನಂದ್ರೆ, ಅರ ಹಿಡಿದವನು "ಓದು ಹತ್ತದವನು". ಅದೇ ಹುಡುಗನ ಕೈಯಲ್ಲಿ ಲೇಸರ್ ಕಟರ್ ಇದ್ದರೆ "ಮೇಕರ್", "ಇನ್ನೊವೇಟರ್". ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಅಂತ ಮುಂದಿಟ್ಟರು. ನೂಲು, ಮರಗೆಲಸ, ಬೇಸಾಯದ ಮೂಲಕವೇ ಲೆಕ್ಕ, ಭಾಷೆ ಎಲ್ಲ ಕಲಿಸೋದು. ಅದು ಬೇರೂರದೇ ಹೋಗಿದ್ದು ವಿಧಾನ ಕೆಟ್ಟದ್ದು ಅಂತ ಅಲ್ಲ. ಕೈ ಕೆಲಸ ಬೇರೆಯವರ ಮಕ್ಕಳಿಗೆ ಇರಲಿ, ನಮ್ಮ ಮಕ್ಕಳಿಗೆ ಬೇಡ ಅಂತ ಅನುಕೂಲಸ್ಥರು ಅಂದುಕೊಂಡಿದ್ದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಮಂಡ್ಯದ ಅಮ್ಮ

ಅಣ್ಣ, ಬೆಳಕು ಕಾಣೋ ವಿಷಯ ಓದಿ ಖುಷಿಯಾಯ್ತು. ನಮ್ಮ ಯಜಮಾನರೂ ಐಟಿಐನವರೇ, ಓದಿ ತೋರಿಸಿದೆ. ಅಂಗೈ ನೋಡಿಕೊಂಡರು!

ಸ್ಟಾಕ್ ರಿಜಿಸ್ಟರ್

ನಾನು ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯ ವಿಜ್ಞಾನ ಶಿಕ್ಷಕ. ಯಾವ ಶಾಲೆ ಅಂತ ಕೇಳಬೇಡಿ.

ಗೊತ್ತಿಲ್ಲದವರಿಗೆ: ಇದು ನೀತಿ ಆಯೋಗದ್ದು, 2016ರಲ್ಲಿ ಶುರುವಾಯಿತು. 6ರಿಂದ 12ನೇ ಕ್ಲಾಸಿನ ಮಕ್ಕಳಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅದರಲ್ಲಿ 10 ಲಕ್ಷ ಸಾಮಾನಿಗೆ, ಉಳಿದದ್ದು ಐದು ವರ್ಷದವರೆಗಿನ ಖರ್ಚಿಗೆ. ದೇಶದಲ್ಲಿ ಸುಮಾರು ಹತ್ತು ಸಾವಿರ ಲ್ಯಾಬ್ ಆಗಿವೆ. ಯೋಚನೆ ಚೆನ್ನಾಗೇ ಇದೆ.

ನಡೆಯೋದು ಹೇಗೆ ಅಂತ ಹೇಳುತ್ತೇನೆ. ಸಾಮಾನೆಲ್ಲ ಸ್ಟಾಕ್ ಪುಸ್ತಕದಲ್ಲಿದೆ. ಮಗು ಒಂದು ಸೆನ್ಸರ್ ಸುಟ್ಟರೆ ಆಡಿಟ್ ಬಂದಾಗ ಉತ್ತರ ಕೊಡಬೇಕಾದವನು ನಾನು. ಹಾಗಾಗಿ ಬೀರುವಿಗೆ ಬೀಗ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಬರುತ್ತಾರೆ ಅಂದರೆ ಬೀಗ ತೆಗೀತೀವಿ. ಮಕ್ಕಳು ಸಾಮಾನು ಕೆಡಿಸದೆ ಕಲಿಯಬೇಕು ಅನ್ನೋದು ನಮ್ಮ ಅಲಿಖಿತ ನಿಯಮ.

ತ್ರೀಡಿ ಪ್ರಿಂಟರ್ ಇದೆ. ನಮ್ಮದು ಮಲೆನಾಡು. ಜುಲೈ ಬಂದರೆ ಅದರ ಪ್ಲಾಸ್ಟಿಕ್ ದಾರ ಗಾಳಿಯ ತೇವ ಕುಡಿದು ಪಟಪಟ ಮುರಿಯುತ್ತದೆ. ಅಕ್ಕಿ ಡಬ್ಬದ ಥರ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು ಅಂತ ಕಲಿತಿದ್ದೇ ಒಬ್ಬ ಒಂಬತ್ತನೇ ಕ್ಲಾಸಿನವಳಿಂದ. ಅಷ್ಟು ಮಾಡಿ ಕೊನೆಗೆ ಪ್ರಿಂಟ್ ಆಗೋದು ಏನು? ಹೆಸರಿರುವ ಕೀ ಚೈನ್. ಮಕ್ಕಳಿಗೂ ಖುಷಿ, ಅತಿಥಿಗಳಿಗೂ ಖುಷಿ, ಫೋಟೋ ಚೆನ್ನಾಗಿ ಬರುತ್ತದೆ. ಪೌಲೋ ಬ್ಲಿಕ್‌ಸ್ಟೈನ್ ಅಂತ ಇದೇ ಕ್ಷೇತ್ರದ ಸಂಶೋಧಕರು, ಅಮೆರಿಕದ ಶಾಲೆಗಳ ಲ್ಯಾಬ್‌ನಲ್ಲೂ ಈ ಕೀ ಚೈನ್ ಕಾಯಿಲೆ ಕಂಡು 2013ರಲ್ಲೇ ಬರೆದಿದ್ದಾರೆ. ಸಲೀಸಾಗಿ ಆಗುವ, ನೋಡೋಕೆ ಅಂದವಾದ ವಸ್ತು ಸಿಕ್ಕಿದರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಕಷ್ಟದ ಕಡೆ ತಳ್ಳೋಕೆ ಮೇಷ್ಟ್ರೇ ಬೇಕು.

ಗ್ರಂಥಾಲಯಕ್ಕೆ ಕನ್ನಡ ವಿಜ್ಞಾನ ಪುಸ್ತಕ ಕೇಳಿದರೆ ಅನುದಾನ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ನಲಿಕಲಿ ಟೀಚರ್

ಸರ್, ಬೀಗದ ವಿಷಯ ನಗು ತರಿಸಿತು, ಸಂಕಟವೂ ಆಯಿತು. ನಾನು ಒಂದರಿಂದ ಮೂರನೇ ಕ್ಲಾಸು ನೋಡಿಕೊಳ್ಳುವವಳು.

ಮಕ್ಕಳ ಕೈಗೆ ಸಾಮಾನು ಕೊಡೋದು ನಮ್ಮಲ್ಲಿ ಹೊಸದಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ನಡೆಯುತ್ತಿದ್ದುದನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆ ಶಿಕ್ಷಕರೇ 1995ರಲ್ಲಿ ನಲಿಕಲಿ ಶುರು ಮಾಡಿದ್ದು. ಯುನಿಸೆಫ್ ನೆರವಿತ್ತು. ಕಲಿಕಾ ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅನ್ನುವ ಪಟ್ಟಿ), ಅದರಲ್ಲಿ ಮೈಲಿಗಲ್ಲು, ಒಂದೊಂದು ಹೆಜ್ಜೆಗೂ ಚಟುವಟಿಕೆಯ ಕಾರ್ಡು. ಒಂದೇ ಕೋಣೆಯಲ್ಲಿ ಬೇರೆ ಬೇರೆ "ತಟ್ಟೆ"ಗಳಲ್ಲಿ, ಅಂದರೆ ಗುಂಪುಗಳಲ್ಲಿ, ಮಕ್ಕಳು ಕೂರುತ್ತಾರೆ. ಒಂದು ಗುಂಪಿಗೆ ನಾನು ಪೂರ್ತಿ ಬೇಕು, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದಕ್ಕೆ ಗೆಳೆಯರೇ ಸಾಕು.

32ರಲ್ಲಿ 15 ಕಳೆಯೋ ಲೆಕ್ಕ ತಗೊಳ್ಳಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಮೂರು ಕಟ್ಟು, ಬಿಡಿ ಎರಡು. ಐದು ಬಿಡಿ ಕೊಡು ಅಂದರೆ ಎರಡೇ ಇದೆ. ಮಗು ನನ್ನ ಮುಖ ನೋಡುತ್ತದೆ. ನಾನು ಕಿಟಕಿ ಕಡೆ ನೋಡುತ್ತೇನೆ. (ಇದು ಕಷ್ಟದ ಕೆಲಸ, ನಂಬಿ. ಬಾಯಿ ತುರಿಸುತ್ತಿರುತ್ತದೆ.) ಪಕ್ಕದವಳು "ಕಟ್ಟು ಬಿಚ್ಚೇ!" ಅಂತಾಳೆ, ಇಲ್ಲಾ ಇದೇ ಮಗು ಮೆಲ್ಲಗೆ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಆಮೇಲೆ ದಶಕದಿಂದ ಸಾಲ ತಗೊಳ್ಳೋದು ಅಂತ ಹೇಳಿದರೆ ಅದಕ್ಕೆ ಏನು ಅಂತ ಗೊತ್ತು.

ಹಾಗಂತ ನಲಿಕಲಿ ಎಲ್ಲ ಕಡೆ ಹೀಗೇ ನಡೀತಿದೆ ಅಂತ ಹೇಳಲ್ಲ. ರಾಜ್ಯದ ತುಂಬ ಹಬ್ಬಿದ ಮೇಲೆ ಎಷ್ಟೋ ಕಡೆ ಕಾರ್ಡು ತುಂಬಿಸೋದೇ ಗುರಿಯಾಯಿತು. ಟಿಕ್ ಹಾಕು, ಮುಂದಿನ ಕಾರ್ಡು. ಮಂಡ್ಯದ ಮೇಡಂ ಹೇಳಿದ ಕಾರಿನ ಕಥೆಯೇ ಅದು. ಇನ್ನೊಂದೂ ಇದೆ. ನಲಿಕಲಿಯಲ್ಲಿ ವೇಗ ಮಗುವಿನದು, ಸರಿ. ಏನು ಮಾಡಬೇಕು ಅನ್ನೋದು ಮಾತ್ರ ಏಣಿಯದ್ದೇ. ಮಗು ತನಗೆ ಬೇಕಾದ್ದನ್ನು ಮಾಡೋದು ವಾರಕ್ಕೊಮ್ಮೆಯಾದರೂ ಇರಬೇಕು ಅಂತ ನನ್ನ ಆಸೆ.

ಪುಣೆ ಕನ್ನಡಿಗ

ಪುಣೆ ಹತ್ತಿರ ಪಾಬಳ್ ಅಂತ ಹಳ್ಳಿ. ಅಲ್ಲಿ ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಅಮೆರಿಕದಲ್ಲಿ ಓದಿ, ಹಿಂದೂಸ್ತಾನ್ ಲಿವರ್‌ನಲ್ಲಿ ಕೆಲಸ ಮಾಡಿ, ಎಲ್ಲ ಬಿಟ್ಟು ಬರಗಾಲದ ಊರಿಗೆ ಬಂದವರು. ಅಲ್ಲಿ ವೆಲ್ಡಿಂಗ್, ಕಟ್ಟಡ, ವೈರಿಂಗ್, ಬೇಸಾಯ, ಅಡುಗೆ ಎಲ್ಲವೂ ಪಾಠವೇ, ಅದೂ ಊರಿಗೆ ನಿಜವಾಗಿ ಬೇಕಾದ ಕೆಲಸ. ಗುಂಬಜ್ ಥರದ ಮನೆ ಕಟ್ಟುವಾಗ ಜ್ಯಾಮಿತಿ ತಾನಾಗಿ ಬರುತ್ತದೆ. 2002ರಲ್ಲಿ ಎಂಐಟಿಯವರು ಅಮೆರಿಕದ ಹೊರಗೆ ಮೊದಲ ಫ್ಯಾಬ್ ಲ್ಯಾಬ್ (ಕಂಪ್ಯೂಟರ್ ನಡೆಸುವ ಯಂತ್ರಗಳಿಂದ ವಸ್ತು ಮಾಡುವ ಕಾರ್ಯಾಗಾರ) ಇಟ್ಟಿದ್ದು ಈ ಹಳ್ಳಿಯಲ್ಲಿ.

ಫಿಟ್ಟರ್ ಅಣ್ಣನ ಅರ, ರಿಜಿಸ್ಟರ್ ಸರ್ ಅವರ ಪ್ರಿಂಟರ್ ಎರಡೂ ಒಂದೇ ಚಾವಣಿ ಕೆಳಗೆ ಇರೋದು ಅಲ್ಲಿ ಸಾಧ್ಯವಾಗಿದೆ. ಕೆಟ್ಟ ವೆಲ್ಡಿಂಗ್ ಆದರೆ ಗೇಟು ಮಾಡಿಸಿದ ರೈತ ಬಂದು ಬೈಯುತ್ತಾನೆ, ಅಂಕ ಯಾಕೆ ಬೇಕು?

ಮಂಡ್ಯದ ಅಮ್ಮ

ಒಂದು ವಿಷಯ ಹೇಳಬೇಕು. ಗುಂಡ ಅವರು ಬರೆದಿದ್ದು ಓದಿದ ಮೇಲೆ ಮಗಳಿಗೆ "ಆ ಹಾಳೆ ಬಿಟ್ಟು ನಿನ್ನದೇ ದಾರಿ ಬರೆದು ಓಡಿಸು" ಅಂದೆ. ಕ್ಯಾಲೆಂಡರ್ ಹಿಂಭಾಗದಲ್ಲಿ ಕಪ್ಪು ಸ್ಕೆಚ್ ಪೆನ್ನಿನಿಂದ ಹಾವಿನ ಥರ ದಪ್ಪ ಗೆರೆ ಎಳೆದಳು. ಕಾರು ಗೆರೆ ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ನೇರ ಹೋಗಿ ಮಂಚದ ಕಾಲಿಗೆ ಹೊಡೆಯಿತು. ಬ್ಯಾಟರಿ ಬದಲಾಯಿಸಿದ್ದಾಯಿತು. ಗೆರೆ ಇನ್ನೂ ದಪ್ಪ ಮಾಡಿದಳು. ಊಹೂಂ. ಆಮೇಲೆ ಅವರಪ್ಪನ ಟೂಲ್ ಬಾಕ್ಸಿನಿಂದ ಕಪ್ಪು ಇನ್ಸುಲೇಷನ್ ಟೇಪ್ ತಂದು ಗೆರೆ ಮೇಲೆ ಅಂಟಿಸಿದಳು. ಓಡಿತು! "ಎರಡೂ ಕಪ್ಪೇ ಅಲ್ವಾಮ್ಮ?" ಅಂತ ಆವತ್ತಿನಿಂದ ತಲೆ ತಿನ್ನುತ್ತಿದ್ದಾಳೆ. ಏನು ಹೇಳಲಿ?

ಕೋಡ್ ಗುಂಡ

ಏನೂ ಹೇಳಬೇಡಿ!! ಮೊದಲು ಇಷ್ಟು ಮಾಡಿಸಿ. ಕಾರು ಆನ್ ಮಾಡಿ ತಿರುಗಿಸಿ ಹಿಡಿದು, ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಅದರ ಹೊಟ್ಟೆ ನೋಡಲಿ. ಬರಿಗಣ್ಣಿಗೆ ಆರಿದ ಹಾಗಿರುವ ಪುಟ್ಟ ಬಲ್ಬು ಫೋನಿನಲ್ಲಿ ನೇರಳೆ ಬಣ್ಣಕ್ಕೆ ಮಿನುಗುತ್ತದೆ. ಟಿವಿ ರಿಮೋಟ್ ಒತ್ತಿ ಅದನ್ನೂ ನೋಡಲಿ.

ಅಮ್ಮನಿಗೆ ಮಾತ್ರ ಉತ್ತರ: ಕಾರು ನೋಡೋದು ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ. ಬಿಳಿ ಹಾಳೆ ಅದನ್ನು ವಾಪಸ್ ಕಳಿಸುತ್ತದೆ, ಟೇಪು ನುಂಗುತ್ತದೆ. ಎಷ್ಟೋ ಸ್ಕೆಚ್ ಪೆನ್ನಿನ ಕಪ್ಪು ಶಾಯಿ ಇನ್ಫ್ರಾರೆಡ್ ನುಂಗೋದಿಲ್ಲ. ನಮಗೆ ಕಪ್ಪು, ಕಾರಿಗೆ ಅಲ್ಲಿ ಏನೂ ಇಲ್ಲ. ಸೆನ್ಸರ್ ಪಕ್ಕದಲ್ಲಿ ನೀಲಿ ಚೌಕದ ಮೇಲೆ ಪುಟ್ಟ ಸ್ಕ್ರೂ ಇದ್ದರೆ ಅದನ್ನೂ ತಿರುಗಿಸಿ ನೋಡಲಿ, ಎಷ್ಟು ಬೆಳಕಿಗೆ ಹೌದು ಅನ್ನಬೇಕು ಅಂತ ತೀರ್ಮಾನಿಸೋದು ಅದೇ.

ಲೆಕ್ಕದ ಮೇಷ್ಟ್ರು

ಮೇಡಂ, ಈಗ ನನ್ನ ಮಾತು ಕೇಳಿ. ಆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಆದರೆ ಗುಂಡ ಇಲ್ಲದಿದ್ದರೆ ಅದು "ಪೆನ್ನು ಸರಿ ಇಲ್ಲ" ಅಂತ ಮುಗಿಯುತ್ತಿತ್ತು. ಮುಂದಿನ ಹೆಜ್ಜೆ ಯಾವುದು ಅಂತ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇರಲೇಬೇಕು. ನಾನು ಮೊದಲಿನಿಂದ ಹೇಳುತ್ತಿರೋದು ಇಷ್ಟೇ. ಟರ್ಮಿನ ಫೀಸು ಕಟ್ಟುವ ಮುಂಚೆ ಕಿಟ್ ಯಾವುದು ಅಂತ ಕೇಳಬೇಡಿ. ಕ್ಲಾಸು ತೆಗೆದುಕೊಳ್ಳುವವರು ಯಾರು, ಓಡದ ಕಾರಿಗೆ ಎಷ್ಟು ಹೊತ್ತು ಕೊಡುತ್ತಾರೆ, ಮಗು ತನ್ನ ಥರ ಬದಲಾಯಿಸಬಹುದಾ ಅಂತ ಕೇಳಿ. ಆ ಮಿಸ್ಸಿಗೆ ಟೇಪು, ಪೆನ್ನಿನ ಕಥೆ ಹೇಳಿ ನೋಡಿ. ಕಣ್ಣು ಅರಳಿದರೆ ಕಟ್ಟಿ. ಸಿಲಬಸ್ಸಿನಲ್ಲಿ ಇಲ್ಲ ಅಂದರೆ ಬೇಡ.

ನನ್ನ 60 ಮಕ್ಕಳ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಸ್ಟಾಕ್ ರಿಜಿಸ್ಟರ್

ಕೊಡುತ್ತೇನೆ ಮೇಷ್ಟ್ರೇ. ಬೀಗ ಹಾಕುವಂಥದ್ದು ಏನೂ ಬೇಡ. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು. ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತ 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ಹುಟ್ಟಿದ ಆಟ ಇದು. 1972ರಿಂದ 2002ರವರೆಗೆ ಸರ್ಕಾರಿ ಶಾಲೆಗಳಲ್ಲೇ ನಡೆದ ಕಾರ್ಯಕ್ರಮ ಅದು. ಪರೀಕ್ಷೆಯೂ ಪುಸ್ತಕ ತೆರೆದಿಟ್ಟೇ, ಜೊತೆಗೆ ಪ್ರಯೋಗ. ಸರ್ಕಾರವೇ ಕೊನೆಗೆ ನಿಲ್ಲಿಸಿತು, ಅದು ಬೇರೆ ನೋವು.

ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಎರಡು ಕಡೆ ಕಡ್ಡಿ ತೂರಿಸಿದರೆ ಬಾಗುವ ಕೀಲು. ಮೂರು ಕಡ್ಡಿಯ ತ್ರಿಭುಜ ಒತ್ತಿದರೂ ಅಲುಗಲ್ಲ. ನಾಲ್ಕರ ಚೌಕ ಒತ್ತಿದ ತಕ್ಷಣ ವಜ್ರಾಕೃತಿಗೆ ಕುಸಿಯುತ್ತದೆ. ಅದನ್ನು ನಿಲ್ಲಿಸೋಕೆ ಏನು ಮಾಡ್ತೀರಿ ಅಂತ ಕೇಳಿ ಸುಮ್ನೆ ಇರಿ. ಕರ್ಣಕ್ಕೆ ಕಡ್ಡಿ ಹಾಕಲು ಹೋಗುತ್ತಾರೆ, ಅದೇ ಅಳತೆಯ ಕಡ್ಡಿ ಸಾಲೋದಿಲ್ಲ! ಎಷ್ಟು ಉದ್ದ ಬೇಕು ಅಂತ ಜಗಳ ಶುರುವಾದರೆ ಪೈಥಾಗೊರಸ್ ಬಾಗಿಲು ತಟ್ಟಿದ ಹಾಗೆ. ಐದೈದು ಜನರ ಗುಂಪು, ಒಂದು ಪೀರಿಯಡ್ಡು. ಮುಂದಿನ ಪೀರಿಯಡ್ಡಿನಲ್ಲಿ ಪ್ರಮೇಯವನ್ನು ನೀವು ಬೋರ್ಡ್ ಮೇಲೆಯೇ ಮಾಡಿ, ನಾನು ಬೇಡ ಅನ್ನಲ್ಲ.

ಲೆಕ್ಕದ ಮೇಷ್ಟ್ರು

ಒಂದು ಪೀರಿಯಡ್ಡು ಕೊಡಬಹುದು. ಒಂದೇ. ವಾಲ್ವ್ ಟ್ಯೂಬು ಈಗ ಸಿಗುತ್ತಾ? ನಮ್ಮ ಊರಿನ ಸೈಕಲ್ ಅಂಗಡಿಯವನು ಅದೆಲ್ಲ ಹಳೇ ಕಾಲದ್ದು ಅಂದ.

ಫಿಟ್ಟರ್ ಅಣ್ಣ

ಸಿಗುತ್ತದೆ ಮೇಷ್ಟ್ರೇ. ಹೊಸ ಗೇರ್ ಸೈಕಲ್ಲಿನಲ್ಲಿ ಬೈಕಿನ ಥರದ ವಾಲ್ವ್ ಬರುತ್ತದೆ, ಅದಕ್ಕೆ ಇದು ಬೇಡ. ಹಾಲಿನವರು, ಪೇಪರಿನವರು ಓಡಿಸುವ ಹಳೇ ಸೈಕಲ್ಲು ರಿಪೇರಿ ಮಾಡುವ ಅಂಗಡಿಯಲ್ಲಿ ಕೇಳಿ. ಕಡ್ಡಿ ಮರದ್ದೇ ಇರಲಿ, ಮೇಣದ ಕಡ್ಡಿ ಬಾಗುತ್ತದೆ. ತಲೆಯ ಮದ್ದನ್ನು ಹಿಂದಿನ ದಿನವೇ ನೀವೇ ಕೆರೆದು ತೆಗೆದಿಡಿ, 60 ಜನರ ಕೈಗೆ ಮದ್ದಿನ ಕಡ್ಡಿ ಕೊಟ್ಟರೆ ಹೆಡ್‌ಮಾಸ್ಟರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಟ್ಯೂಬ್ ಕತ್ತರಿಸಲು ಬ್ಲೇಡ್ ಬೇಡ, ಕತ್ತರಿ ಸಾಕು.